ವೆನಿಸಿನಲ್ಲಿ ತೋರಿಸಿದ್ದನ್ನ ನಮ್ಮೂರಲ್ಲೂ ತೋರಿಸ್ರಪ್ಪ!

ಮೊನ್ನೆ ಗಾಂಧಿಬಜಾರಿನ ಅಂಗಡಿಯೊಂದರಲ್ಲಿ ಅರ್ಧ ಕಿಲೋ ಬೆಲ್ಲ ಕಟ್ಟಿಸಿಕೊಳ್ಳುತ್ತ ನಿಂತಿದ್ದೆ. ಮಾತು ಸಿನಿಮಾ ಕಡೆ ತಿರುಗಿತು. "ಗಿರೀಶ್ ಕಾಸರವಳ್ಳಿ ನಮ್ಮ ಜಿಲ್ಲೆಯವರೇ ಅಲ್ವಾ ಸಾರ್? ನಾಲ್ಕು ಸಲ ಸ್ವರ್ಣಕಮಲ ತಗೊಂಡೋರು!" ಅಂದರು ಯಜಮಾನರು ಎದೆಯುಬ್ಬಿಸಿ. "ಹೌದು. ಅವರ 'ಘಟಶ್ರಾದ್ಧ' ನೋಡಿದೀರಾ?" ಅಂತ ಕೇಳಿದೆ. ಯಜಮಾನರು ತಕ್ಕಡಿ ಕಡೆ ತಿರುಗಿದರು. "ಅದು ಅವಾರ್ಡ್ ಪಿಕ್ಚರ್ ಅಲ್ವಾ ಸಾರ್, ನಮ್ಮಂಥೋರಿಗೆ ಎಲ್ಲಿ ಅರ್ಥ ಆಗತ್ತೆ?"

ಇದೇ ನೋಡಿ ನಮ್ಮ ಜಿಲ್ಲೆಯ ಹಣೆಬರಹ. ಪ್ರಶಸ್ತಿ ಮಾತ್ರ ನಮ್ಮದು, ಸಿನಿಮಾ ಬೇರೆ ಯಾರದೋ!

ಈ ಮನುಷ್ಯ ಆಕಾಶದಿಂದ ಉದುರಿದವರಲ್ಲ ಸ್ವಾಮಿ. 1950ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ ಹುಟ್ಟಿದವರು. ಕಮ್ಮರಡಿಯಲ್ಲಿ ಓದಿದವರು. ನಮ್ಮ ನಿಮ್ಮ ಹಾಗೇ ಟೂರಿಂಗ್ ಟಾಕೀಸಿನಲ್ಲಿ ಪಿಕ್ಚರ್ ನೋಡಿ ಬೆಳೆದವರು. ಮಣಿಪಾಲದಲ್ಲಿ ಔಷಧಿಶಾಸ್ತ್ರದ ಡಿಗ್ರಿ ಮಾಡಿ ಹೈದರಾಬಾದಿಗೆ ಹೋದರು. ಅಲ್ಲೇ ಉಳಿದಿದ್ದರೆ ಇಷ್ಟು ಹೊತ್ತಿಗೆ ದೊಡ್ಡ ಮಾತ್ರೆ ಕಂಪನಿಯ ದೊಡ್ಡ ಸಾಹೇಬರಾಗಿರುತ್ತಿದ್ದರು. ಅದನ್ನು ಬಿಟ್ಟು ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ಸೇರಿದರು. ಅಲ್ಲಿ ಕಲಿಕೆ ಮುಗಿಸುವಾಗ ಮಾಡಿದ 'ಅವಶೇಷ್' ಎಂಬ ಕಿರುಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಬಂತು. ಅದೇ 1975ರಲ್ಲಿ ಬಿ.ವಿ. ಕಾರಂತರ 'ಚೋಮನ ದುಡಿ'ಗೆ ಸಹಾಯಕರಾಗಿ ದುಡಿದರು.

ಆಮೇಲೆ 1977ರಲ್ಲಿ 'ಘಟಶ್ರಾದ್ಧ'. ಇನ್ನೂ 26-27ರ ಹುಡುಗ. ಮೊದಲನೇ ಕಥಾಚಿತ್ರ. ಕತೆ ಯು.ಆರ್. ಅನಂತಮೂರ್ತಿಯವರದು, ಅವರೂ ನಮ್ಮ ಮೇಳಿಗೆಯವರೇ. ಹಣ ಹಾಕಿದವರು ಸದಾನಂದ ಸುವರ್ಣ, ಕ್ಯಾಮೆರಾ ಎಸ್. ರಾಮಚಂದ್ರ, ಸಂಗೀತ ಕಾರಂತರದು. ಸ್ಟಾರಿಲ್ಲ, ಡ್ಯೂಯೆಟ್ಟಿಲ್ಲ, ಫೈಟಿಲ್ಲ. ಬಣ್ಣವೂ ಇಲ್ಲ, ಬರೀ ಕಪ್ಪುಬಿಳುಪು. ಗಾಂಧಿನಗರದ ಲೆಕ್ಕದಲ್ಲಿ ಇದು ಶುದ್ಧ ಹುಚ್ಚು. ಆ ವರ್ಷದ ಸ್ವರ್ಣಕಮಲ ಸಿಕ್ಕಿದ್ದು ಈ ಹುಚ್ಚಿಗೇ!

ಈಗ 'ಅರ್ಥ ಆಗಲ್ಲ' ಅನ್ನುವ ಮಾತಿಗೆ ಬರೋಣ. ಕತೆ ಏನು? ವೇದಪಾಠಶಾಲೆಗೆ ನಾಣಿ ಅನ್ನುವ ಚಿಕ್ಕ ಹುಡುಗ ಬರುತ್ತಾನೆ. ಗುರುಗಳ ಮಗಳು ಯಮುನಾ, ವಿಧವೆ. ದಿಕ್ಕಿಲ್ಲದ ಹುಡುಗನಿಗೆ ಅವಳೇ ಅಕ್ಕ, ಅವಳೇ ತಾಯಿ. ಆಕೆ ಬಸುರಿಯಾಗುತ್ತಾಳೆ. ಊರು ಪಿಸುಗುಟ್ಟುತ್ತದೆ. ಕಾರಣನಾದ ಗಂಡಸು ಮೆಲ್ಲಗೆ ಜಾರಿಕೊಳ್ಳುತ್ತಾನೆ. ಕಡೆಗೆ ಹೆತ್ತ ತಂದೆಯೇ ಮಡಕೆ ಒಡೆದು, ಬದುಕಿರುವ ಮಗಳ ಶ್ರಾದ್ಧ ಮಾಡಿ ಮುಗಿಸುತ್ತಾನೆ. ತಲೆ ಬೋಳಿಸಿದ ಹೆಣ್ಣು ಒಂಟಿಯಾಗಿ ಮರದ ಕೆಳಗೆ ಕೂತಿರುತ್ತಾಳೆ, ಹುಡುಗನನ್ನು ಅವನಪ್ಪ ಊರಿಗೆ ಕರೆದುಕೊಂಡು ಹೋಗುತ್ತಾನೆ. ಇದರಲ್ಲಿ ಅರ್ಥವಾಗದ್ದು ಏನಿದೆ ಹೇಳಿ? ನಮ್ಮ ಯಾವ ಊರಿನಲ್ಲಿ ಇಂಥ ಪಿಸುಮಾತು ನಡೆದಿಲ್ಲ? ಪ್ರಯೋಗ ಅಂದರೆ ಒಗಟಲ್ಲ. ಇಡೀ ಅನ್ಯಾಯವನ್ನು ಒಬ್ಬ ಹುಡುಗನ ಕಣ್ಣಿನಿಂದ ತೋರಿಸಿ, ಭಾಷಣ ಮಾಡದೆ ಸುಮ್ಮನಿದ್ದರಲ್ಲ, ಅದೇ ಪ್ರಯೋಗ.

'ಹಳ್ಳಿ ಜನ ಇಂಥದ್ದು ನೋಡಲ್ಲ' ಅಂತ ಮೂಗು ಮುರಿಯುವವರಿಗೂ ನಮ್ಮ ಜಿಲ್ಲೆಯಲ್ಲೇ ಉತ್ತರ ಇದೆ. ಕಾಸರವಳ್ಳಿಯವರ ಸೋದರಮಾವ ಕೆ.ವಿ. ಸುಬ್ಬಣ್ಣ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1973ರಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿದರು. ಅಡಿಕೆ ತೋಟದ ಕೆಲಸ ಮುಗಿಸಿ ಬಂದವರಿಗೆ ಸತ್ಯಜಿತ್ ರೇ, ಕುರೊಸಾವಾ ತೋರಿಸಿದರು. ಜನ ಕೂತು ನೋಡಿದರು. ಯಾರೂ ಡಿಕ್ಷನರಿ ತಂದಿರಲಿಲ್ಲ.

ಇದೆಲ್ಲ ಈಗ ಯಾಕೆ ಅಂತೀರಾ? ಕಾರಣ ಇದೆ. 'ಘಟಶ್ರಾದ್ಧ'ದ ಮೂಲ ನೆಗೆಟಿವ್ ಪುಣೆಯ ಫಿಲಂ ಆರ್ಕೈವ್‌ನಲ್ಲಿ ಉಳಿದಿತ್ತು. ಮುಂಬಯಿಯ ಫಿಲಂ ಹೆರಿಟೇಜ್ ಫೌಂಡೇಶನ್ ಮತ್ತು ಹಾಲಿವುಡ್‌ನ ಮಾರ್ಟಿನ್ ಸ್ಕಾರ್ಸೆಸೆ ಕಟ್ಟಿದ ಸಂಸ್ಥೆ ಸೇರಿ ಅದನ್ನು ಹೊಸದರಂತೆ ಮಾಡಿಸಿದರು. 2024ರಲ್ಲಿ ಇಟಲಿಯ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಹಾಗೆ ಕಾಪಾಡದಿದ್ದರೆ ಏನಾಗುತ್ತೆ ಗೊತ್ತಲ್ಲ? 1934ರ ನಮ್ಮ ಮೊದಲ ಟಾಕಿ 'ಸತಿ ಸುಲೋಚನ'ದ ಒಂದು ಪ್ರಿಂಟೂ ಇವತ್ತು ಇಲ್ಲ. ಹೆಸರಿದೆ, ಸಿನಿಮಾ ಇಲ್ಲ. ಆದರೆ ಡಬ್ಬಿಯಲ್ಲಿ ಉಳಿದರೆ ಸಾಕೆ? ನೋಡುವವರಿಲ್ಲದ ಸಿನಿಮಾ, ಓದುವವರಿಲ್ಲದ ಪತ್ರಿಕೆ, ಎರಡೂ ರದ್ದಿಗೇ ಸಮ.

ಉತ್ಸವದಲ್ಲೋ ಸಂಘದ ಪ್ರದರ್ಶನದಲ್ಲೋ ನೋಡಿದವರು ನಮ್ಮಲ್ಲೂ ಇದ್ದಾರು. ನಾನು ಕೇಳುವುದು ಬಸ್ಸಿನಲ್ಲಿ ಓಡಾಡುವ ಜನದ ಮಾತು. ಜಿಲ್ಲಾಡಳಿತದವರೇ, ವರ್ತಕ ಸಂಘದವರೇ, ತಿಂಗಳಿಗೆ ಒಂದೇ ಒಂದು ಭಾನುವಾರ ಕೊಡಿ. ಇಲ್ಲಿ ಕುವೆಂಪು ರಂಗಮಂದಿರ ಇದೆ, ತಾಲ್ಲೂಕುಗಳಲ್ಲಿ ಶಾಲೆ ಕಾಲೇಜಿನ ಹಾಲ್‌ಗಳಿವೆ. ಹಕ್ಕಿರುವವರಿಂದ ಅನುಮತಿ ಪಡೆದು, ಟಿಕೆಟ್ಟು ಒಂದು ಊಟದ ಬೆಲೆ ಮೀರದ ಹಾಗೆ ಇಡಿ. ಮೊದಲು 'ಘಟಶ್ರಾದ್ಧ', ಆಮೇಲೆ ಪಿಂಚಣಿಗಾಗಿ ಕಚೇರಿ ಕಚೇರಿ ಅಲೆಯುವವನ 'ತಬರನ ಕಥೆ'. ಅದನ್ನು ನೋಡಿ ಅರ್ಥ ಆಗಲಿಲ್ಲ ಅನ್ನುವ ಗಂಡು ಈ ಜಿಲ್ಲೆಯಲ್ಲಿ ಹುಟ್ಟಿಲ್ಲ!

ಗಣಪತಿ ಹಬ್ಬದ ಆರ್ಕೆಸ್ಟ್ರಾಕ್ಕೆ ಧಾರಾಳವಾಗಿ ರಸೀದಿ ಹರಿಸುವ ನಮ್ಮ ಅಂಗಡಿ ಬೀದಿಗೆ ಇದೇನೂ ಹೊರೆಯಲ್ಲ. ಒಂದೇ ಒಂದು ವಿನಂತಿ: ಆಟ ಮಧ್ಯಾಹ್ನ ಮೂರಕ್ಕೆ ಶುರುವಾಗಲಿ. ತೀರ್ಥಹಳ್ಳಿ ಕಡೆಯವರಿಗೆ ವಾಪಸು ಬಸ್ಸು ಸಿಗಬೇಕಲ್ಲ!