ದ್ವೇಷ ಭಾಷಣ: ಮಾತಿಗೆ ಮಿತಿ ಬೇಕು, ಆರೋಪಿಗೂ ವಕೀಲರು ಬೇಕು

ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವ ನಮ್ಮವರಿಗೆಲ್ಲ ನಾಗಮಂಗಲ ತಾಲೂಕಿನ ಬೆಳ್ಳೂರು ಕ್ರಾಸ್ ಪರಿಚಿತ. ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ನಾಗಮಂಗಲ, ಪಾಂಡವಪುರ ದಾಟಿ ಶ್ರೀರಂಗಪಟ್ಟಣ ಸಿಗುತ್ತದೆ. ಕಾವೇರಿ ನೀರಿನ ಹೋರಾಟಕ್ಕೆ ಮತ್ತು ರೈತ ಚಳವಳಿಗೆ ಹೆಸರಾದ ಮಂಡ್ಯ ಜಿಲ್ಲೆಯ ಈ ಸಾಲು ಕೆಲವು ವರ್ಷಗಳಿಂದ ಬೇರೊಂದು ಕಾರಣಕ್ಕೆ ಸುದ್ದಿಯಾಗುತ್ತಿದೆ. 2024ರ ಸೆಪ್ಟೆಂಬರ್ 11ರಂದು ನಾಗಮಂಗಲದಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ವೇಳೆ ಗಲಭೆ ನಡೆದು ಅಂಗಡಿಗಳು ಸುಟ್ಟುಹೋದವು. ಅದಕ್ಕೂ ಮೊದಲು, 2023ರ ಡಿಸೆಂಬರ್ 24ರಂದು, ಶ್ರೀರಂಗಪಟ್ಟಣದ ಹನುಮ ಸಂಕೀರ್ತನಾ ಯಾತ್ರೆಯ ಸಭೆಯಲ್ಲಿ ನಮ್ಮದೇ ಜಿಲ್ಲೆಯ ಮುಖಂಡರಾದ ಕಲ್ಲಡ್ಕ ಪ್ರಭಾಕರ ಭಟ್ಟರು ಮಾಡಿದ ಭಾಷಣ ನ್ಯಾಯಾಲಯದ ಮೆಟ್ಟಿಲೇರಿತು.

ಮುಸ್ಲಿಂ ಮಹಿಳೆಯರನ್ನು ಅವಹೇಳನ ಮಾಡಲಾಗಿದೆ ಎಂದು ದೂರು ಬಂದು, ಶ್ರೀರಂಗಪಟ್ಟಣ ಪೊಲೀಸರು 153ಎ, 295ಎ ಸೇರಿದಂತೆ ಹಲವು ಕಲಮುಗಳಡಿ ಪ್ರಕರಣ ದಾಖಲಿಸಿದರು. ಭಟ್ಟರು ಹೈಕೋರ್ಟಿಗೆ ಹೋದಾಗ, ಅವರನ್ನು ಬಂಧಿಸುವುದಿಲ್ಲ ಎಂದು ಸರಕಾರವೇ ತಿಳಿಸಿತು. 2024ರ ಜನವರಿಯಲ್ಲಿ ಶ್ರೀರಂಗಪಟ್ಟಣದ ನ್ಯಾಯಾಲಯ ಜಾಮೀನು ನೀಡಿತು. ಆಗ ಅನೇಕರು ಕೇಳಿದ ಪ್ರಶ್ನೆ ಒಂದೇ: ಇಂಥ ಆರೋಪ ಹೊತ್ತವರಿಗೆ ವಕೀಲರೇಕೆ, ಜಾಮೀನೇಕೆ?

ಈ ಪ್ರಶ್ನೆಗೆ ನಾವು ಸಮಾಧಾನದಿಂದ ಉತ್ತರ ಕಂಡುಕೊಳ್ಳಬೇಕಾಗಿದೆ. ಬಂಧಿತನಾದ ಯಾವುದೇ ವ್ಯಕ್ತಿಗೆ ತನ್ನ ಇಚ್ಛೆಯ ವಕೀಲರ ನೆರವು ಪಡೆಯುವ ಹಕ್ಕನ್ನು ಸಂವಿಧಾನದ 22(1)ನೇ ವಿಧಿ ಕೊಟ್ಟಿದೆ. ಇಂತಹ ಆರೋಪಿಯ ಪರ ವಾದಿಸಬಾರದು ಎಂದು ವಕೀಲರ ಸಂಘಗಳು ನಿರ್ಣಯ ಮಾಡುವುದು ಕಾನೂನುಬಾಹಿರ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಹಾಗಿದ್ದರೂ 2020ರ ಫೆಬ್ರವರಿಯಲ್ಲಿ ದೇಶದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ನಿಲ್ಲಬಾರದೆಂದು ಹುಬ್ಬಳ್ಳಿ ವಕೀಲರ ಸಂಘ ನಿರ್ಣಯಿಸಿತು. ಹೈಕೋರ್ಟ್ ಇದನ್ನು ತೀವ್ರವಾಗಿ ಆಕ್ಷೇಪಿಸಿತು. ಬೆಂಗಳೂರಿನಿಂದ ಹೋದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಜಾಮೀನು ಅರ್ಜಿ ಸಲ್ಲಿಸಬೇಕಾಯಿತು. ಕಲ್ಲಡ್ಕದವರಿಗೆ ವಕೀಲರು ಬೇಡ ಎನ್ನುವವರೂ ಕಾಶ್ಮೀರದವರಿಗೆ ವಕೀಲರು ಬೇಡ ಎನ್ನುವವರೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆ. ಆರೋಪ ಸಾಬೀತಾಗುವುದು ನ್ಯಾಯಾಲಯದಲ್ಲೇ ಹೊರತು ಬೀದಿಯಲ್ಲಲ್ಲ.

ಹಾಗಾದರೆ ಮಾತಿಗೆ ಮಿತಿಯೇ ಇಲ್ಲವೇ? ಖಂಡಿತ ಇದೆ. 19(1)(ಎ) ವಿಧಿ ವಾಕ್ ಸ್ವಾತಂತ್ರ್ಯ ಕೊಟ್ಟರೆ, 19(2) ವಿಧಿ ಸಾರ್ವಜನಿಕ ಶಾಂತಿ, ಸಭ್ಯತೆ ಮುಂತಾದ ಕೆಲವೇ ಕಾರಣಗಳಿಗೆ ಅದನ್ನು ನಿರ್ಬಂಧಿಸಲು ಅವಕಾಶ ಕೊಡುತ್ತದೆ. 'ಮನಸ್ಸಿಗೆ ನೋವಾಯಿತು' ಎಂಬುದು ಆ ಪಟ್ಟಿಯಲ್ಲಿಲ್ಲ ಎಂಬುದು ಗಮನಾರ್ಹ. 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ 295ಎ ಕಲಮನ್ನು ಎತ್ತಿಹಿಡಿಯಿತು. ಆದರೆ ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಮಾಡಿದ ಅವಮಾನ ಮಾತ್ರ ಅಪರಾಧ. ಅರಿಯದೆ ಆಡಿದ ಮಾತು ಅಪರಾಧವಲ್ಲ ಎಂದೂ ಹೇಳಿತು. 2025ರ ಮಾರ್ಚಿನಲ್ಲಿ ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಮಾತಿನ ಪರಿಣಾಮವನ್ನು ವಿವೇಕವುಳ್ಳ ಗಟ್ಟಿ ಮನಸ್ಸಿನವರ ದೃಷ್ಟಿಯಿಂದ ಅಳೆಯಬೇಕೇ ಹೊರತು, ಪ್ರತಿ ಟೀಕೆಯನ್ನೂ ಬೆದರಿಕೆಯೆಂದು ಕಾಣುವವರ ದೃಷ್ಟಿಯಿಂದಲ್ಲ ಎಂದಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ 153ಎ ಜಾಗದಲ್ಲಿ 196, 295ಎ ಜಾಗದಲ್ಲಿ 299 ಬಂದಿವೆ. ಅಂಕಿ ಬದಲಾದರೂ ತಿರುಳು ಅದೇ.

ಕರಾವಳಿಯ ಕ್ರೈಸ್ತರಾದ ನಮಗೆ ಈ ಗೆರೆ ಏಕೆ ಮುಖ್ಯ? ಏಕೆಂದರೆ ನಾವು ಈ ಗೆರೆಯ ಎರಡೂ ಬದಿಯಲ್ಲಿ ನಿಂತವರು. 2008ರ ಸೆಪ್ಟೆಂಬರಿನಲ್ಲಿ ನಮ್ಮ ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ, ಹಿಂದೂ ದೇವತೆಗಳನ್ನು ನಿಂದಿಸುವ ಪುಸ್ತಕವೊಂದು ಹಂಚಿಕೆಯಾಗಿತ್ತು ಎಂಬ ನೆಪ ಮುಂದೆ ಬಂತು. ಅದನ್ನು ಪ್ರಕಟಿಸಿದ್ದು ಕಥೋಲಿಕ ಧರ್ಮಸಭೆಯಲ್ಲ. ಆದರೂ ಪೆಟ್ಟು ತಿಂದವರಲ್ಲಿ ನಾವೂ ಇದ್ದೆವು. 2024ರ ಫೆಬ್ರವರಿಯಲ್ಲಿ ಮಂಗಳೂರಿನ ಕಥೋಲಿಕ ಶಾಲೆಯೊಂದರ ಶಿಕ್ಷಕಿ ಪಾಠದ ವೇಳೆ ಶ್ರೀರಾಮನನ್ನು ನಿಂದಿಸಿದರೆಂಬ ಆರೋಪ ಬಂದು, ಗೇಟಿನ ಮುಂದೆ ಪ್ರತಿಭಟನೆ ನಡೆದು, ತನಿಖೆಗೂ ಮೊದಲೇ ಆಕೆ ಕೆಲಸ ಕಳೆದುಕೊಳ್ಳಬೇಕಾಯಿತು. ಬಳಿಕ ಶಾಸಕರಿಬ್ಬರ ಮೇಲೂ ಪ್ರಕರಣ ದಾಖಲಾಯಿತು. ನೋವಾಯಿತು ಎಂಬ ಒಂದೇ ಮಾತಿಗೆ ಶಿಕ್ಷೆಯಾಗುವುದಾದರೆ ನಾಳೆ ನಮ್ಮ ಧರ್ಮೋಪದೇಶ ತರಗತಿಯ ಶಿಕ್ಷಕರೂ ಸುರಕ್ಷಿತರಲ್ಲ. ಒಂದು ನಂಬಿಕೆಯನ್ನು ಪ್ರಶ್ನಿಸುವುದು ಬೇರೆ, ಆ ನಂಬಿಕೆಯ ಜನರ ಮೇಲೆ ದ್ವೇಷ ಹಬ್ಬಿಸುವುದು ಬೇರೆ. ಕಾನೂನು ತಡೆಯಬೇಕಾದದ್ದು ಎರಡನೆಯದನ್ನು.

ಹಾಗೆಂದು ದ್ವೇಷ ಭಾಷಣದ ಪ್ರಕರಣಗಳು ಸರಿಯಾಗಿ ನಡೆಯುತ್ತಿವೆ ಎಂದು ನಾವು ಹೇಳುತ್ತಿಲ್ಲ. ದೂರಿಗೆ ಕಾಯದೆ ಪೊಲೀಸರೇ ಪ್ರಕರಣ ದಾಖಲಿಸಬೇಕೆಂದು 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಸೂಚಿಸಿತ್ತು. ಶ್ರೀರಂಗಪಟ್ಟಣದಲ್ಲಿ ಪ್ರಕರಣ ದಾಖಲಾದದ್ದು ಸಾಮಾಜಿಕ ಕಾರ್ಯಕರ್ತೆಯೊಬ್ಬರು ದೂರು ಕೊಟ್ಟ ಮೇಲೆ. ಇನ್ನೊಂದು ತೊಡಕೂ ಇದೆ. ಈ ಕಲಮುಗಳಡಿ ಸರಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ವಿಚಾರಣೆ ಕೈಗೆತ್ತಿಕೊಳ್ಳುವಂತಿಲ್ಲ. ಸುಳ್ಳು ಪ್ರಕರಣಗಳನ್ನು ತಡೆಯಲು ಇಟ್ಟ ಈ ಬಾಗಿಲು, ಸರಕಾರ ಮನಸ್ಸು ಮಾಡದಿದ್ದರೆ ನಿಜವಾದ ಪ್ರಕರಣಕ್ಕೂ ಮುಚ್ಚಿಕೊಳ್ಳುತ್ತದೆ. 2025ರ ಡಿಸೆಂಬರಿನಲ್ಲಿ ರಾಜ್ಯದ ಉಭಯ ಸದನಗಳು ದ್ವೇಷ ಭಾಷಣ ತಡೆ ಮಸೂದೆಯನ್ನು ಅಂಗೀಕರಿಸಿದವು. ಅದರಲ್ಲಿ 7 ವರ್ಷದವರೆಗೆ ಸೆರೆವಾಸವಿದೆ. ಹಳೆಯ ಕಲಮುಗಳಲ್ಲಿ ಸಾಮಾನ್ಯವಾಗಿ 3 ವರ್ಷ. ಆದರೆ ಅನುಮತಿ ಮತ್ತು ಸಾಕ್ಷ್ಯ ಸಕಾಲದಲ್ಲಿ ನ್ಯಾಯಾಲಯ ತಲಪದಿದ್ದರೆ ಶಿಕ್ಷೆಯ ವರ್ಷ ಹೆಚ್ಚಿಸಿ ಪ್ರಯೋಜನವೇನು? ವ್ಯಾಖ್ಯಾನ ಸಡಿಲವಾಗಿದ್ದರೆ ಅಧಿಕಾರದಲ್ಲಿರುವವರು ತಮ್ಮ ಟೀಕಾಕಾರರ ಮೇಲೆ ಅದನ್ನು ಬಳಸಲಾರರೇ?

ನಮ್ಮ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳು ಕೆಲವು ವಿಷಯಗಳನ್ನು ತಿಳಿದಿರುವುದು ಒಳ್ಳೆಯದು. ದ್ವೇಷದ ಭಾಷಣ ಕೇಳಿಬಂದರೆ ಅದರ ತುಂಡನ್ನು ವಾಟ್ಸಾಪಿನಲ್ಲಿ ಹಂಚಬೇಡಿ. ಪೂರ್ಣ ಧ್ವನಿಮುದ್ರಣವನ್ನು ದಿನಾಂಕ, ಸ್ಥಳದ ಸಮೇತ ಕಾಪಾಡಿಡಿ. ಹಿಂದೆ ಮುಂದೆ ಕತ್ತರಿಸಿದ ತುಂಡು ಆರೋಪಿಯ ವಕೀಲರಿಗೇ ಅನುಕೂಲ. ದೂರನ್ನು ಬರವಣಿಗೆಯಲ್ಲಿ ಕೊಡಿ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ಠಾಣೆಯಲ್ಲಿ ದೂರು ಸ್ವೀಕರಿಸದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠರಿಗೆ ಬರೆಯಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ನಮ್ಮವರೇ ಆರೋಪಿಯಾದರೆ ಗಾಬರಿಯಿಂದ ಕ್ಷಮಾಪತ್ರ ಬರೆದುಕೊಡುವ ಮೊದಲು ವಕೀಲರನ್ನು ಕಾಣಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಪಡೆಯಲು ಅರ್ಹರು.

ನಮ್ಮನ್ನು ನೋಯಿಸಿದವರಿಗೂ ನ್ಯಾಯಯುತ ವಿಚಾರಣೆ ಸಿಗಲಿ ಎನ್ನುವುದು ಕಷ್ಟದ ಮಾತು. ಆದರೆ ಅವರಿಗೆ ಸಿಗದ ನ್ಯಾಯ, ನಮ್ಮ ಸರದಿ ಬಂದಾಗ ನಮಗೂ ಸಿಗಲಾರದು.