ಪ್ರೋಗ್ರಾಂ ಏರದಿದ್ದರೆ ಚಿಪ್ ಸುಟ್ಟಿದೆ ಎಂದರ್ಥವೇ?

"ಹೊಸ ಚಿಪ್‌ಗೆ ಪ್ರೋಗ್ರಾಂ ಏರುತ್ತಿಲ್ಲವೇ? ಹಾಗಾದರೆ ಅದು ನಕಲಿ, ಇಲ್ಲವೇ ಸುಟ್ಟುಹೋಗಿದೆ." ಎಲೆಕ್ಟ್ರಾನಿಕ್ಸ್ ಕಲಿಯುವವರ ನಡುವೆ ಓಡಾಡುವ ಮಾತಿದು. ಇದನ್ನು ನಂಬಿದರೆ ಸರಿಯಾಗಿರುವ ಚಿಪ್ಪೇ ಕಸದಬುಟ್ಟಿ ಸೇರಬಹುದು. ನಿಜವೇನು ಎಂದು ನೋಡೋಣ.

ವಾಷಿಂಗ್ ಮಷಿನ್, ರಿಮೋಟ್, ಆಟಿಕೆಗಳ ಒಳಗಿರುವ ಪುಟ್ಟ ಕಂಪ್ಯೂಟರೇ ಮೈಕ್ರೋಕಂಟ್ರೋಲರ್. ಅದರ ಪ್ರೋಗ್ರಾಂ ಇರುವುದು ಫ್ಲ್ಯಾಶ್ ಮೆಮೊರಿಯಲ್ಲಿ; ಕರೆಂಟ್ ಹೋದರೂ ಅಳಿಯುವುದಿಲ್ಲ. ಆರ್ಡುಯಿನೊ ಊನೊ ಬೋರ್ಡಿನಲ್ಲಿರುವ ಎಟಿಮೆಗಾ328ಪಿ ಚಿಪ್ಪನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಎರರ್ ಯಾಕೆ ಬರುತ್ತದೆ?

ಕಾರ್ಖಾನೆಯಿಂದ ಬಂದ ಹೊಸ ಚಿಪ್ ತನ್ನೊಳಗಿನ 8 ಮೆಗಾಹರ್ಟ್ಸ್ ಕ್ಲಾಕನ್ನು ಎಂಟರಿಂದ ಭಾಗಿಸಿ, ಕೇವಲ 1 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತದೆ. ಪ್ರೋಗ್ರಾಮರ್ ಎಂಬ ಸಾಧನ ಅದಕ್ಕೆ ಒಂದೊಂದೇ ಬಿಟ್ ಕಳಿಸುತ್ತದೆ. ಈ ಕಳಿಸುವ ವೇಗ ಚಿಪ್‌ನ ವೇಗದ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ಅಂದರೆ ಇಲ್ಲಿ 250 ಕಿಲೋಹರ್ಟ್ಸ್‌ಗಿಂತ ಕಡಿಮೆ. ಆದರೆ ಜನಪ್ರಿಯವಾದ ಯುಎಸ್‌ಬಿಎಎಸ್‌ಪಿ ಪ್ರೋಗ್ರಾಮರ್ ಸಾಮಾನ್ಯವಾಗಿ ಕಳಿಸುವುದು 375 ಕಿಲೋಹರ್ಟ್ಸ್‌ನಲ್ಲಿ. ಮೇಷ್ಟ್ರು ಉಕ್ತಲೇಖನವನ್ನು ತೀರಾ ಬೇಗ ಹೇಳಿದರೆ ಮಕ್ಕಳು ಪದಗಳನ್ನು ಬಿಡುತ್ತಾರಲ್ಲ, ಹಾಗೆಯೇ ಇದು.

ಊನೊ ಬೋರ್ಡಿನ ಚಿಪ್ ಓಡುವುದು 16 ಮೆಗಾಹರ್ಟ್ಸ್‌ನಲ್ಲಿ. ಅದಕ್ಕೆ ಅದೇ ಪ್ರೋಗ್ರಾಮರ್ ಸಲೀಸಾಗಿ ಕೆಲಸ ಮಾಡುತ್ತದೆ. ಹೀಗಾಗಿ "ಪ್ರೋಗ್ರಾಮರ್ ಸರಿಯಿದೆ, ಹೊಸ ಚಿಪ್ಪೇ ಕೆಟ್ಟಿದೆ" ಎಂಬ ತಪ್ಪು ತೀರ್ಮಾನಕ್ಕೆ ನಾವು ಬರುತ್ತೇವೆ.

ಏನು ಮಾಡಬೇಕು?

1. ಪ್ರೋಗ್ರಾಮರ್ ವೇಗ ಇಳಿಸಿ. ಯುಎಸ್‌ಬಿಎಎಸ್‌ಪಿಯಲ್ಲಿ ಇದಕ್ಕಾಗಿಯೇ ಒಂದು ಜಂಪರ್ ಇದೆ. ಎವಿಆರ್‌ಡ್ಯೂಡ್ ತಂತ್ರಾಂಶದಲ್ಲಿ ದೊಡ್ಡಕ್ಷರದ 'ಬಿ' ಆಯ್ಕೆಗೆ 10 ಎಂದು ಕೊಟ್ಟರೆ ವೇಗ ಸುಮಾರು 100 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ.

2. ಆಗಲೂ ಉತ್ತರವಿಲ್ಲವೇ? ಚಿಪ್‌ನೊಳಗಿನ 'ಫ್ಯೂಸ್' ಸೆಟ್ಟಿಂಗ್ ಹೊರಗಿನ ಕ್ರಿಸ್ಟಲ್ ಬೇಕೆಂದು ಹೇಳುತ್ತಿರಬಹುದು. (ಇದು ಮನೆಯ ಫ್ಯೂಸ್‌ನಂತೆ ಸುಟ್ಟುಹೋಗುವ ತಂತಿಯಲ್ಲ.) ಕ್ರಿಸ್ಟಲ್ ಇಲ್ಲದಿದ್ದರೆ ಕ್ಲಾಕ್ ಓಡುವುದೇ ಇಲ್ಲ. 16 ಮೆಗಾಹರ್ಟ್ಸ್ ಕ್ರಿಸ್ಟಲ್ ಮತ್ತು ಎರಡು 22 ಪಿಕೋಫ್ಯಾರಡ್ ಕೆಪಾಸಿಟರ್ ಜೋಡಿಸಿ ನೋಡಿ.

3. ಚಿಪ್ ಗುರುತು ಸಿಕ್ಕರೂ ಬರೆದದ್ದು ತಾಳೆಯಾಗುತ್ತಿಲ್ಲವೇ? ವೋಲ್ಟೇಜ್ ಅಳೆಯಿರಿ. 10 ಮೆಗಾಹರ್ಟ್ಸ್‌ವರೆಗೆ 2.7 ವೋಲ್ಟ್ ಸಾಕು. 20ರಲ್ಲಿ ಓಡಲು ಕನಿಷ್ಠ 4.5 ವೋಲ್ಟ್ ಬೇಕು. 3.3 ವೋಲ್ಟ್ ಕೊಟ್ಟು 16 ಮೆಗಾಹರ್ಟ್ಸ್‌ನಲ್ಲಿ ಓಡಿಸುವುದು ತಯಾರಕರು ಹೇಳಿದ ಮಿತಿಯ ಆಚೆಗಿನದು.

4. ವೈರುಗಳು ಚಿಕ್ಕದಾಗಿ, ಬಿಗಿಯಾಗಿ ಇರಲಿ.

ಪದೇ ಪದೇ ಬರೆದು ಮೆಮೊರಿ ಸವೆದಿರಬಹುದೇ? ಈ ಚಿಪ್‌ನ ಫ್ಲ್ಯಾಶ್‌ಗೆ 10,000 ಬಾರಿ ಬರೆದು ಅಳಿಸುವ ಬಾಳಿಕೆಯಿದೆ. ದಿನಕ್ಕೆ ಹತ್ತು ಬಾರಿ ಬರೆದರೂ ಎರಡೂವರೆ ವರ್ಷಕ್ಕೂ ಹೆಚ್ಚು ಬೇಕು. ಹೊಸ ಚಿಪ್‌ಗೆ ಈ ಅನುಮಾನ ಬೇಡ.

ನಕಲಿ ಚಿಪ್‌ಗಳು, ಸುಟ್ಟ ಚಿಪ್‌ಗಳು ಇರುವುದು ಸುಳ್ಳಲ್ಲ. ಆದರೆ ಆ ಮಾತು ಕೊನೆಯದಾಗಿರಲಿ. ಅಂಗಡಿಯವರನ್ನು ದೂರುವ ಮುನ್ನ, "ಕೆಟ್ಟಿದೆ, ಎಸೆಯಿರಿ" ಎಂದು ಗುಂಪಿನಲ್ಲಿ ಫಾರ್ವರ್ಡ್ ಮಾಡುವ ಮುನ್ನ, ಒಮ್ಮೆ ವೇಗ ಇಳಿಸಿ ನೋಡಿ.