ನಗದು ಅಲ್ಲಿಗೆ, ಉದ್ರಿ ಇಲ್ಲಿಗೆ?

ಬಸವಕಲ್ಯಾಣ ಮತ್ತು ಹುಮನಾಬಾದ್‌ನ ಹಳೆಯ ಪೇಟೆಗಳಲ್ಲಿ ಕಿರಾಣಿ ಅಂಗಡಿಯ ಗಲ್ಲಾದ ಪಕ್ಕದಲ್ಲಿ ಒಂದು ಉದ್ದನೆಯ ಪುಸ್ತಕವಿರುತ್ತದೆ. ಅಂಚು ಸವೆದ, ಎಣ್ಣೆಯ ಕೈ ತಗುಲಿ ಮಾಸಿದ ಪುಸ್ತಕ. ಅದೇ ಉದ್ರಿ ಖಾತೆ. "ಬರಕೋರಿ ಕಾಕಾ" ಎಂದು ಗಿರಾಕಿ ಹೇಳುತ್ತಾನೆ, ಅಂಗಡಿಯವನು ಬರೆದುಕೊಳ್ಳುತ್ತಾನೆ. ಸಹಿ ಇಲ್ಲ, ಸಾಕ್ಷಿ ಇಲ್ಲ, ಅಡವು ಇಲ್ಲ. ಇಷ್ಟರಲ್ಲೇ ಒಂದು ಮನೆಯ ವಾರದ ಜೋಳ, ಎಣ್ಣೆ, ಬೇಳೆ ನಿರ್ಧಾರವಾಗಿಬಿಡುತ್ತದೆ.

ಈ ಬಾಂಧವ್ಯವನ್ನು ಹೊಗಳದವರಿಲ್ಲ. ಸೌಹಾರ್ದ ಸಭೆಗಳಲ್ಲಿ, ವ್ಯಾಪಾರಿಗಳ ಸಮಾರಂಭಗಳಲ್ಲಿ, ಚುನಾವಣೆಯ ಭಾಷಣಗಳಲ್ಲಿ "ನಮ್ಮೂರಿನ ಅಂಗಡಿ, ನಮ್ಮೂರಿನ ಪ್ರೀತಿ" ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಆದರೆ ಹೊಗಳಿದ ನಾಲಗೆ ಒಣಗುವ ಮುನ್ನವೇ ಅದನ್ನು ಕತ್ತರಿಸುವ ಕೆಲಸವೂ ನಡೆಯುತ್ತಿದೆ. ಒಂದು ಕಡೆ, ಕಿಸೆಯಲ್ಲಿ ನಗದು ಇರುವವರು ಕತ್ತರಿಸುತ್ತಿದ್ದಾರೆ. ಇನ್ನೊಂದು ಕಡೆ, ಸಾಮಾನಿನ ದರಕ್ಕಿಂತ ಮೊದಲು ಅಂಗಡಿಯವನ ಹೆಸರು ಕೇಳುವವರು ಕತ್ತರಿಸುತ್ತಿದ್ದಾರೆ. ಈ ಇಬ್ಬರೂ ನಮ್ಮವರೇ, ನಮ್ಮ ಓಣಿಯವರೇ. ಆದ್ದರಿಂದಲೇ ಈ ಮಾತುಗಳನ್ನು ನಾವು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ.

ಕೋರ್ಟು ಕೊಡದ ಬಲ

ಉದ್ರಿ ಖಾತೆಗೆ ಕಾನೂನಿನ ಬಲ ಎಷ್ಟಿದೆ? ಬಹಳ ಕಡಿಮೆ. ಲೆಕ್ಕದ ಪುಸ್ತಕದಲ್ಲಿನ ನಮೂದನ್ನು ನ್ಯಾಯಾಲಯ ಪರಿಶೀಲಿಸಬಹುದು, ಆದರೆ ಆ ನಮೂದೊಂದೇ ಯಾರ ಮೇಲೂ ಸಾಲದ ಹೊಣೆ ಹೊರಿಸಲು ಸಾಲದು. 1872ರ ಸಾಕ್ಷ್ಯ ಕಾಯ್ದೆಯ 34ನೇ ಕಲಮು ಇದನ್ನೇ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ಹೇಳುತ್ತದೆ. ಗಿರಾಕಿ "ನಾನು ತೆಗೆದುಕೊಂಡೇ ಇಲ್ಲ" ಎಂದುಬಿಟ್ಟರೆ ನಾಲ್ಕು ನೂರು ರೂಪಾಯಿಗಾಗಿ ಯಾವ ಅಂಗಡಿಯವನೂ ವಕೀಲರ ಮನೆಯ ಮೆಟ್ಟಿಲು ಹತ್ತುವುದಿಲ್ಲ.

ಹಾಗಿದ್ದರೂ ಈ ಪುಸ್ತಕ ನಡೆಯುತ್ತದೆ. ಯಾಕೆ? ಯಾಕೆಂದರೆ ಸಾಲವನ್ನು ತೀರಿಸದೆ ಮಣ್ಣಿಗೆ ಹೋಗಬಾರದೆಂಬ ಭಯ ಇಲ್ಲಿನ ಎಲ್ಲ ಧರ್ಮದವರಲ್ಲೂ ಇದೆ. ನೆನಪಿರಲಿ, ಸಾಲದ ಬಗ್ಗೆ ಭಾರತದಲ್ಲೇ ಅತ್ಯಂತ ಪ್ರಭಾವ ಬೀರಿದ ಗ್ರಂಥಗಳಲ್ಲೊಂದು ಹುಟ್ಟಿದ್ದು ಇದೇ ಕಲ್ಯಾಣದಲ್ಲಿ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಬರೆದ 'ಮಿತಾಕ್ಷರಾ' ಅದು. ತಂದೆಯ ಸಾಲವನ್ನು ತೀರಿಸುವುದು ಮಗನ ಧರ್ಮ ಎಂಬ ತತ್ವ ಆ ಪರಂಪರೆಯಿಂದಲೇ ಬ್ರಿಟಿಷರ ಕೋರ್ಟುಗಳವರೆಗೆ ಬಂತು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಮಾಡಿದ ಸಾಲಗಳಿಗೆ ಆ ಧರ್ಮದ ಹೆಸರಿನಲ್ಲಿ ಮಗನ ಮೇಲೆ ದಾವೆ ಹೂಡುವಂತಿಲ್ಲ. ಕಾನೂನು ಬಿಟ್ಟಿತು, ಪೇಟೆ ಬಿಡಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮಗ ಅಂಗಡಿಗೆ ಬಂದು "ಅಪ್ಪನ ಹೆಸರಲ್ಲಿ ಏನಾದರೂ ಬಾಕಿ ಇದ್ದರೆ ಹೇಳ್ರಿ" ಎಂದು ಕೇಳುವ ರೂಢಿ ಇಂದಿಗೂ ಉಳಿದಿದೆ.

ಮುಸ್ಲಿಮರ ಮನೆಗಳಲ್ಲೂ ಹಾಗೆಯೇ. ಮೃತನ ಆಸ್ತಿ ವಾರಸುದಾರರಿಗೆ ಹಂಚಿಕೆಯಾಗುವ ಮುನ್ನ ಅವನ ಸಾಲ ತೀರಬೇಕು ಎಂಬುದು ಶರೀಅತ್ತಿನ ಸ್ಪಷ್ಟ ವಿಧಿ. ಜನಾಝಾದ ಹೊತ್ತಿನಲ್ಲಿ "ಮರಣ ಹೊಂದಿದವರು ಯಾರಿಗಾದರೂ ಕೊಡುವುದಿದ್ದರೆ ಮನೆಯವರನ್ನು ಕಾಣಿ" ಎಂದು ಘೋಷಿಸುವುದನ್ನು ನಾವೆಲ್ಲ ಕೇಳಿದ್ದೇವೆ. ಆ ಘೋಷಣೆ ಕೇಳಿ ಮುಂದೆ ಬರುವವರಲ್ಲಿ ಲಿಂಗಾಯತ ಸಾವಕಾರರೂ ಇರುತ್ತಾರೆ, ಮರಾಠಾ ವ್ಯಾಪಾರಿಯೂ ಇರುತ್ತಾನೆ. ಎಷ್ಟೋ ಸಲ ಅವರು ಬರುವುದು ಸಾಲ ಕೇಳಲಿಕ್ಕಲ್ಲ, "ನನ್ನದು ಮಾಫ್" ಎಂದು ಹೇಳಲಿಕ್ಕೆ. ಉದ್ರಿ ಖಾತೆಯ ನಿಜವಾದ ಸಾಕ್ಷಿ ಇದು. ಇದನ್ನು ಭಾವನೆ ಎಂದು ಕರೆದು ಹಗುರ ಮಾಡಬೇಡಿ. ಇದರ ಮೇಲೆಯೇ ಎರಡೂ ಊರುಗಳ ಒಲೆ ಉರಿಯುತ್ತಿದೆ.

ಕಾಯಬಲ್ಲ ವ್ಯಾಪಾರ

ಬೀದರ್ ಜಿಲ್ಲೆಯ ಬೇಸಾಯ ಬಹುಪಾಲು ಮಳೆಯನ್ನೇ ನಂಬಿದ್ದು. ಹೆಸರು, ಉದ್ದು, ಸೋಯಾ ಕೈಗೆ ಬಂದರೆ ದಸರಾ, ದೀಪಾವಳಿಗೆ ನಾಲ್ಕು ಕಾಸು. ತೊಗರಿ ರಾಶಿಯಾಗಬೇಕಾದರೆ ಚಳಿಗಾಲ ಅರ್ಧ ಕಳೆಯಬೇಕು. ಕಬ್ಬು ಬೆಳೆದವನು ಕಾರ್ಖಾನೆಯ ಬಿಲ್ಲಿಗಾಗಿ ಬಾಯಿ ಬಿಟ್ಟು ಕೂರಬೇಕು. ಕೂಲಿಯವನು ಹೈದರಾಬಾದ್, ಪುಣೆ, ಮುಂಬಯಿಗೆ ದುಡಿಯಲು ಹೋದರೆ ಅವನು ಹಣ ಕಳಿಸುವವರೆಗೆ ಮನೆಯಲ್ಲಿ ಮುದುಕರು, ಮಕ್ಕಳು ತಿನ್ನಬೇಕು. ವರ್ಷದಲ್ಲಿ ಎರಡು ಮೂರು ಸಲ ಮಾತ್ರ ದುಡ್ಡು ಕಾಣುವ ಮನೆಗೆ ದಿನಾಲೂ ಹಸಿವಾಗುತ್ತದೆ. ಈ ಎರಡರ ನಡುವಿನ ತಿಂಗಳುಗಳನ್ನು ದಾಟಿಸುವವನು ಕಿರಾಣಿ ಅಂಗಡಿಯವನು.

ಬ್ಯಾಂಕು ಇನ್ನೂರು ರೂಪಾಯಿಯ ಎಣ್ಣೆಗೆ ಸಾಲ ಕೊಡುವುದಿಲ್ಲ. ಮೈಕ್ರೋ ಫೈನಾನ್ಸ್ ಕೊಡುತ್ತದೆ, ಆದರೆ ವಾರ ತಪ್ಪಿದರೆ ಬಾಗಿಲಿಗೆ ಬಂದು ನಿಲ್ಲುತ್ತದೆ. ಆ ಕಿರುಕುಳ ಎಲ್ಲಿಗೆ ಮುಟ್ಟಿತೆಂದರೆ, ಸಾಲ ವಸೂಲಿಯ ದೌರ್ಜನ್ಯ ತಡೆಯಲು ಕರ್ನಾಟಕ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಾಕಿಗಾಗಿ ಗಿರಾಕಿಯ ಬಾಗಿಲಿಗೆ ಬೀಗ ಜಡಿದ ಕಿರಾಣಿ ಅಂಗಡಿಯವನನ್ನು ನೀವು ಕಂಡಿದ್ದೀರಾ? ಅವನು ಹೆಚ್ಚೆಂದರೆ ಮುಖ ಗಂಟಿಕ್ಕುತ್ತಾನೆ, "ಹಳೇದು ಸ್ವಲ್ಪ ನೋಡ್ರಿ" ಎನ್ನುತ್ತಾನೆ, ಮತ್ತೆ ಸಕ್ಕರೆ ಕಟ್ಟಿಕೊಡುತ್ತಾನೆ. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದು, ದುಡಿಯಲು ಹೋದವರು ಬರಿಗೈಯಲ್ಲಿ ಊರಿಗೆ ಮರಳಿದಾಗ ಎಷ್ಟೋ ಮನೆಗಳು ಬದುಕಿದ್ದು ಈ ಪುಸ್ತಕದ ಹಾಳೆಗಳ ಮೇಲೆ.

ನಗದು ಇದ್ದವರ ಜಾಣತನ

ಇನ್ನು ನಮ್ಮ ಮಧ್ಯಮ ವರ್ಗದತ್ತ ಬರೋಣ. ಸರಕಾರಿ ನೌಕರರು, ಶಿಕ್ಷಕರು, ಗಲ್ಫಿನಿಂದ ಹಣ ಬರುವ ಮನೆಗಳು, ಗುತ್ತಿಗೆದಾರರು. ಮೊದಲ ವಾರ ಸಂಬಳ ಬಂದೊಡನೆ ಇವರ ಗಾಡಿ ಕಲಬುರಗಿಗೋ ಹೈದರಾಬಾದಿಗೋ ಹೊರಡುತ್ತದೆ. ತಳ್ಳುಗಾಡಿ ತುಂಬ ಸಾಮಾನು, ಒಂದಕ್ಕೆ ಒಂದು ಉಚಿತ. ಹೋಗಲಾಗದವರು ಮೊಬೈಲಿನಲ್ಲೇ ತರಿಸುತ್ತಾರೆ. ಮೂರನೆಯ ವಾರ ಕೈ ಬರಿದಾಗುತ್ತದೆ. ಆಗ ನೆನಪಾಗುವವರು ಯಾರು? ಓಣಿಯ ಚಾಚಾ, ಓಣಿಯ ಕಾಕಾ. "ಬರಕೋರಿ!"

ಇದು ಯಾವ ಸೀಮೆಯ ನ್ಯಾಯ? ನಗದು ಅಲ್ಲಿಗೆ, ಉದ್ರಿ ಇಲ್ಲಿಗೆ. ಲಾಭ ಅಲ್ಲಿಗೆ, ನಷ್ಟದ ಭಯ ಇಲ್ಲಿಗೆ. ಅಂಗಡಿಯವನು ಬಡವನಿಗೆ ಆರು ತಿಂಗಳು ಕಾಯಬಲ್ಲ, ಅದೂ ಉಳ್ಳವನು ತಿಂಗಳಿಗೊಮ್ಮೆ ನಗದು ಕೊಟ್ಟರೆ ಮಾತ್ರ. ಅವನೂ ಸಗಟು ವ್ಯಾಪಾರಿಗೆ ವಾರಕ್ಕೊಮ್ಮೆ ಕೊಡಲೇಬೇಕು. ನಗದು ಗಿರಾಕಿ ಕೈಬಿಟ್ಟ ದಿನ ಉದ್ರಿಯ ಬಾಗಿಲು ತಾನಾಗಿಯೇ ಮುಚ್ಚುತ್ತದೆ. ಆಗ ಉಪವಾಸ ಬೀಳುವವನು ಮಾಲ್‌ಗೆ ಹೋದವನಲ್ಲ, ತೊಗರಿ ರಾಶಿಗೆ ಕಾದು ಕುಳಿತವನು.

"ಅಲ್ಲಿ ಅಗ್ಗ, ನಾವೇಕೆ ಹೆಚ್ಚು ಕೊಡಬೇಕು?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಕೆಲವು ಸಾಮಾನು ಅಲ್ಲಿ ಅಗ್ಗ, ನಿಜ. ಆದರೆ ಯಾಕೆ ಅಗ್ಗ ಎಂದೂ ಕೇಳಿ. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಕಂಪನಿ ಫ್ಲಿಪ್‌ಕಾರ್ಟ್‌ನ ಶೇ. 77ರಷ್ಟು ಪಾಲನ್ನು 1600 ಕೋಟಿ ಡಾಲರಿಗೆ ಕೊಂಡಿತು. ಅಷ್ಟು ಬಂಡವಾಳವಿದ್ದವರು ವರ್ಷಗಟ್ಟಲೆ ನಷ್ಟದಲ್ಲಿ ಮಾರಬಲ್ಲರು. ಹುಮನಾಬಾದ್‌ನ ಅಂಗಡಿಯವನು ಎರಡು ತಿಂಗಳು ನಷ್ಟದಲ್ಲಿ ಮಾರಿದರೆ ಮಗಳ ಮದುವೆಯ ಒಡವೆ ಅಡವಿಗೆ ಹೋಗುತ್ತದೆ. ಇದು ಸಮಾನರ ಪೈಪೋಟಿಯಲ್ಲ. ಎಲ್ಲಿ ಬೇಕಾದರೂ ಕೊಳ್ಳುವ ಸ್ವಾತಂತ್ರ್ಯ ನಿಮಗಿದೆ. ಆದರೆ ಅಲ್ಲಿ ಕೊಳ್ಳುವವರು ಉದ್ರಿಯನ್ನೂ ಅಲ್ಲೇ ಕೇಳಲಿ ನೋಡೋಣ!

ಸರಕಾರವೂ ಈ ಪುಸ್ತಕವನ್ನು ಓದಲು ಕಲಿತಿಲ್ಲ. 2025ರ ಜುಲೈಯಲ್ಲಿ ಯುಪಿಐ ಜಮೆಯ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದವು. ಹೆದರಿದ ಹಲವರು ಕ್ಯೂಆರ್ ಕೋಡ್ ಕಿತ್ತಿಟ್ಟರು. ಪ್ರತಿಭಟನೆಯ ಕಾವು ಏರಿದ ಮೇಲೆ ಮುಖ್ಯಮಂತ್ರಿಗಳು ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಭರವಸೆ ಕೊಟ್ಟರು. ತೆರಿಗೆ ಕೊಡಬೇಕಾದವರು ಕೊಡಲಿ, ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ಬಂದ ಹಣ ಎಣಿಸುವ ಯಂತ್ರಕ್ಕೆ ಬಾರದೆ ಉಳಿದ ಬಾಕಿ ಕಾಣುವುದಿಲ್ಲ ಎಂಬುದು ಅಧಿಕಾರದಲ್ಲಿರುವವರಿಗೆ ಗೊತ್ತಿರಬೇಕು.

ಹೆಸರು ಕೇಳಿ ಕೊಳ್ಳುವವರು

ಎರಡನೆಯ ಕತ್ತರಿ ಇನ್ನೂ ಹರಿತವಾದುದು. 2020ರ ಏಪ್ರಿಲ್‌ನಲ್ಲಿ ಕೊರೋನಾದ ನೆಪದಲ್ಲಿ ಮುಸ್ಲಿಂ ತರಕಾರಿ ಮಾರುವವರನ್ನು ಓಣಿಗೆ ಬಿಡಬೇಡಿ ಎಂಬ ಸಂದೇಶಗಳು ಹರಿದಾಡಿದವು. 2022ರ ಮಾರ್ಚ್‌ನಲ್ಲಿ ಉಡುಪಿ ಜಿಲ್ಲೆಯ ಕಾಪುವಿನ ಮಾರಿಪೂಜೆಯಿಂದ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಿಡಲಾಯಿತು, ಆ ಗಾಳಿ ಬೇರೆ ಜಿಲ್ಲೆಗಳಿಗೂ ಬೀಸಿತು. ದೇವಸ್ಥಾನದ ಜಮೀನು, ಕಟ್ಟಡಗಳನ್ನು ಗುತ್ತಿಗೆ ಕೊಡುವ ಕುರಿತ 2002ರ ನಿಯಮವೊಂದನ್ನು ಎತ್ತಿ ತೋರಿಸಿ ಅಂದಿನ ಸರಕಾರ ಕೈ ತೊಳೆದುಕೊಂಡಿತು. 2022ರ ಏಪ್ರಿಲ್ 9ರಂದು ಧಾರವಾಡದ ನುಗ್ಗೀಕೇರಿ ಹನುಮಂತ ದೇವಸ್ಥಾನದ ಬಳಿ ಬಡ ವ್ಯಾಪಾರಿಯೊಬ್ಬನ ಕಲ್ಲಂಗಡಿಗಳನ್ನು ನೆಲಕ್ಕೆ ಬಡಿದು ಒಡೆದರು. ಆ ಹಣ್ಣು ಬೆಳೆದ ರೈತನ ಧರ್ಮ ಯಾವುದು ಎಂದು ಒಡೆದವರು ಕೇಳಿದ್ದರೇ?

ಈ ಪ್ರಶ್ನೆಯೇ ಬಹಿಷ್ಕಾರದ ಪೊಳ್ಳುತನವನ್ನು ಬಯಲು ಮಾಡುತ್ತದೆ. ನಮ್ಮ ಪೇಟೆಗಳಲ್ಲಿ ತೊಗರಿ ಬೆಳೆದವನು ಒಬ್ಬ, ಅಡತಿಯವನು ಇನ್ನೊಬ್ಬ, ಗಾಡಿ ಹೊಡೆದವನು ಮತ್ತೊಬ್ಬ, ಅಂಗಡಿಯಲ್ಲಿ ತೂಗಿ ಕೊಡುವವನು ಮಗದೊಬ್ಬ. ಒಂದೇ ಧರ್ಮದವರ ಕೈಯಲ್ಲೇ ಹೊಲದಿಂದ ಒಲೆಯವರೆಗೆ ಬಂದ ಒಂದು ಪಾವು ಬೇಳೆಯೂ ಇಲ್ಲಿ ಸಿಗಲಿಕ್ಕಿಲ್ಲ. ಇನ್ನು ಮುಸ್ಲಿಂ ಅಂಗಡಿಯ ಉದ್ರಿ ಖಾತೆ ತೆರೆದು ನೋಡಿ, ಅರ್ಧಕ್ಕರ್ಧ ಹೆಸರುಗಳು ಶರಣಪ್ಪ, ಮಾಣಿಕಪ್ಪ, ಕಾಶಮ್ಮ ಎಂಬಂಥವು. ಆ ಅಂಗಡಿ ಮುಚ್ಚಿದರೆ ಮೊದಲು ಬೀದಿಗೆ ಬೀಳುವವರು ಅವರು. ಅವರಿಗೆ ಮುಂದಿನ ಮಳೆಗಾಲದ ಉದ್ರಿಯನ್ನು ಬಹಿಷ್ಕಾರಕ್ಕೆ ಕರೆ ಕೊಟ್ಟವರು ಕೊಡುತ್ತಾರೆಯೇ? ಕರೆ ಕೊಡುವುದು ಉಚಿತ, ಕಾಳು ಕೊಡುವುದಕ್ಕೆ ಖರ್ಚಿದೆ.

ಕನ್ನಡಿಯನ್ನು ನಮ್ಮ ಕಡೆಗೂ ತಿರುಗಿಸೋಣ. ಇದಕ್ಕೆ ಉತ್ತರವಾಗಿ "ನಮ್ಮವರ ಅಂಗಡಿಯಲ್ಲೇ ಕೊಳ್ಳಿ" ಎಂದು ಪಟ್ಟಿ ಹಂಚುವ ಮುಸ್ಲಿಂ ಯುವಕರೂ ಇದ್ದಾರೆ. ನೋವು ಅರ್ಥವಾಗುತ್ತದೆ, ದಾರಿ ಒಪ್ಪಿಗೆಯಾಗುವುದಿಲ್ಲ. ರಮಝಾನಿನಲ್ಲಿ ಇಫ್ತಾರಿಗೆ ಖರ್ಜೂರ ಉದ್ರಿ ಕೊಟ್ಟ ಹಿಂದೂ ಅಂಗಡಿಯವನಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ ಎಂದಾದರೆ ನಾವು ಬಹಿಷ್ಕಾರದವರ ಪಾಠವನ್ನೇ ಬಾಯಿಪಾಠ ಮಾಡಿದಂತಾಯಿತು.

ಅದೂ ಯಾವ ನೆಲದಲ್ಲಿ? ಹಗ್ಗ ಹೊಸೆದು ಮಾರಿದ ನುಲಿಯ ಚಂದಯ್ಯ, ಕಟ್ಟಿಗೆ ಮಾರಿದ ಮೋಳಿಗೆ ಮಾರಯ್ಯ ಶರಣರಾಗಿ ಬಾಳಿದ ಕಲ್ಯಾಣದಲ್ಲಿ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, ಹುಮನಾಬಾದ್‌ನ ಬಳಿ ಮಾಣಿಕನಗರದಲ್ಲಿ ನೆಲೆನಿಂತು, ಎಲ್ಲ ಮತಗಳೂ ಸಮ್ಮತವೆಂದು ಸಾರಿದ ಮಾಣಿಕಪ್ರಭುಗಳ ನಾಡಿನಲ್ಲಿ. ಬಸವಕಲ್ಯಾಣದಲ್ಲಿ 2021ರ ಜನವರಿ 6ರಂದು 500 ಕೋಟಿ ರೂಪಾಯಿ ಯೋಜನೆಯ ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಲಾಯಿತು. ಸಂತೋಷ. ಆದರೆ ಕಲ್ಲಿನ ಮಂಟಪ ಏಳುವಾಗ ಪೇಟೆಯ ಜೀವಂತ ಮಂಟಪ ಕುಸಿದರೆ ಆ ಕಟ್ಟಡದಲ್ಲಿ ಕುಳಿತು ಯಾವ ಅನುಭವ ಹೇಳಿಕೊಳ್ಳುವುದು?

ಅಂಗಡಿಯವರಿಗೂ ಒಂದು ಮಾತು

ಬಾಂಧವ್ಯದ ಹೆಸರಿನಲ್ಲಿ ಅಂಗಡಿಯವರ ತಪ್ಪುಗಳಿಗೆ ನಾವು ಪರದೆ ಹಾಕುವುದಿಲ್ಲ. ಉದ್ರಿ ಗಿರಾಕಿಗೆ ಒಂದು ದರ, ನಗದು ಗಿರಾಕಿಗೆ ಒಂದು ದರ ಹಚ್ಚುವವರಿದ್ದಾರೆ. ಓದು ಬಾರದ ಹೆಂಗಸಿನ ಲೆಕ್ಕದಲ್ಲಿ ಕೈಚಳಕ ತೋರಿಸುವವರಿದ್ದಾರೆ. ಮಸೂತಿಯ ಮೊದಲ ಸಾಲಿನಲ್ಲಿ ನಿಂತು ತಕ್ಕಡಿಯಲ್ಲಿ ಮೋಸ ಮಾಡುವವನೂ, ಇಷ್ಟಲಿಂಗ ಪೂಜೆ ಮುಗಿಸಿ ಬಂದು ಕಲಬೆರಕೆ ಮಾರುವವನೂ ಬಹಿಷ್ಕಾರದವರಿಗಿಂತ ಕಡಿಮೆ ಅಪರಾಧಿಗಳಲ್ಲ. ನಂಬಿಕೆಯೇ ಬಂಡವಾಳವಾದ ವ್ಯಾಪಾರದಲ್ಲಿ ಒಂದು ಮುಷ್ಟಿ ಕಡಿಮೆ ತೂಗುವುದೆಂದರೆ ಬಂಡವಾಳವನ್ನೇ ಕದ್ದಂತೆ. ಗಿರಾಕಿಯ ಕೈಯಲ್ಲೂ ಒಂದು ಚಿಕ್ಕ ಪುಸ್ತಕ ಕೊಡಿ, ಅವನ ಮುಂದೆಯೇ ಬರೆಯಿರಿ, ಗಟ್ಟಿಯಾಗಿ ಓದಿ ಹೇಳಿ. ಕೊಡುವ ಕೊಸರಿಗಿಂತ ಈ ನೇರ ಲೆಕ್ಕ ದೊಡ್ಡದು.

ಈಗೇನು ಮಾಡಬೇಕು? ದೊಡ್ಡ ಸಮ್ಮೇಳನ ಬೇಡ, ಠರಾವು ಬೇಡ. ಈ ತಿಂಗಳ ಸಂಬಳ ಬಂದಾಗ ಮೊದಲು ಓಣಿಯ ಅಂಗಡಿಗೆ ಹೋಗಿ, ಹಳೆಯ ಬಾಕಿ ತೀರಿಸಿ, ಬೇಕಾದ ಸಾಮಾನಿನ ಒಂದು ಪಾಲನ್ನಾದರೂ ಅಲ್ಲೇ ನಗದು ಕೊಟ್ಟು ಕೊಳ್ಳಿ. ಹೆಸರು ನೋಡಿ ಕೊಳ್ಳಿರೆಂಬ ಸಂದೇಶ ಬಂದರೆ, ಯಾರ ಪರವಾಗಿಯೇ ಬರಲಿ, ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: "ನನ್ನ ಮನೆಗೆ ಆರು ತಿಂಗಳು ಉದ್ರಿ ಕೊಡುತ್ತೀಯಾ?"

ಉತ್ತರ ಬಾರದಿದ್ದರೆ ತಿಳಿಯಿರಿ, ಅವರಿಗೆ ನಿಮ್ಮ ಧರ್ಮದ ಚಿಂತೆಯೂ ಇಲ್ಲ, ನಿಮ್ಮ ಹಸಿವಿನ ಚಿಂತೆಯೂ ಇಲ್ಲ. ನಿಮ್ಮ ಹಸಿವಿನ ಲೆಕ್ಕ ಇರುವುದು ಓಣಿಯ ಅಂಗಡಿಯ ಪುಸ್ತಕದಲ್ಲಿ ಮಾತ್ರ.